ಲೋಹದ ಕವಚ, ಹದಿನೈದರ ಹುಡುಗ: ‘ಮೊಬೈಲ್ ಸೂಟ್ ಗಂಡಮ್’ ಮರುನೋಟ

ಜಪಾನಿನ ಆನಿಮೇಷನ್ ಪರಂಪರೆಯಲ್ಲಿ, ಅಂದರೆ ಇಂದು ಜಗತ್ತೆಲ್ಲ ‘ಅನಿಮೆ’ ಎಂದು ಕರೆಯುವ ಪ್ರಕಾರದಲ್ಲಿ, ಮನುಷ್ಯನು ಒಳಗೆ ಕುಳಿತು ನಡೆಸುವ ದೈತ್ಯ ರೋಬೋಟ್‌ಗಳ ಕಥೆಗಳದ್ದೇ ಒಂದು ದೊಡ್ಡ ಶಾಖೆಯಿದೆ. ಆ ಶಾಖೆಯ ಚರಿತ್ರೆಯನ್ನು ಬರೆಯುವವರು 1979ರ ಏಪ್ರಿಲ್ 7ರಂದು ಪ್ರಸಾರ ಆರಂಭಿಸಿದ ‘ಮೊಬೈಲ್ ಸೂಟ್ ಗಂಡಮ್’ ಸರಣಿಯನ್ನು ಗಡಿಗಲ್ಲಾಗಿ ನೆಟ್ಟು, ಅದರ ಹಿಂದಿನದನ್ನು ಒಂದು ಕಾಲವೆಂದೂ ಮುಂದಿನದನ್ನು ಇನ್ನೊಂದು ಕಾಲವೆಂದೂ ಎಣಿಸುವುದು ವಾಡಿಕೆಯಾಗಿದೆ. ಈ ಎಣಿಕೆ ಸರಿಯಾದದ್ದೇ ಆದರೂ ಅದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಕಾರಣ, ಅಂದರೆ ರೋಬೋಟ್ ಕಥೆಗೆ ಈ ಸರಣಿ ‘ವಾಸ್ತವಿಕತೆ’ಯನ್ನು ತಂದಿತೆಂಬ ಮಾತು, ಅರ್ಧ ಮಾತ್ರ ನಿಜ. ಹದಿನೆಂಟು ಮೀಟರ್ ಎತ್ತರದ ಲೋಹದ ಮನುಷ್ಯಾಕೃತಿಗಳು ಬಾಹ್ಯಾಕಾಶದಲ್ಲಿ ಕತ್ತಿ ಹಿರಿದು ಕಾದಾಡುವ ಕಥೆಯಲ್ಲಿ ವಾಸ್ತವಿಕತೆಯನ್ನು ಹುಡುಕಬೇಕಾದ ಜಾಗ ಯಂತ್ರವಲ್ಲ. ನಿರ್ದೇಶಕ ಯೋಶಿಯುಕಿ ತೊಮಿನೊ ಮತ್ತು ಅವರ ಸಂಗಡಿಗರು ರೋಬೋಟನ್ನು ದೇವತೆಯ ಪೀಠದಿಂದ ಇಳಿಸಿ, ಕಾರ್ಖಾನೆಯಲ್ಲಿ ತಯಾರಾಗುವ, ರಿಪೇರಿ ಬೇಡುವ, ಮದ್ದುಗುಂಡು ಮುಗಿದರೆ ಸುಮ್ಮನೆ ನಿಲ್ಲುವ ಒಂದು ಯುದ್ಧೋಪಕರಣವನ್ನಾಗಿ ಮಾಡಿದರು. ಉಪಕರಣವು ಉಪಕರಣವಾದ ಮೇಲೆ ಅದನ್ನು ನಡೆಸುವ ಕೈ ಯಾರದು, ಅದರ ಏಟು ತಗಲುವುದು ಯಾರಿಗೆ ಎಂಬ ಪ್ರಶ್ನೆಗಳಿಂದ ವೀಕ್ಷಕನಿಗೆ ತಪ್ಪಿಸಿಕೊಳ್ಳಲಾಗಲಿಲ್ಲ. ನಾಲ್ಕೂವರೆ ದಶಕಗಳ ನಂತರವೂ ಈ ಸರಣಿಯನ್ನು ಮರಳಿ ನೋಡುವಂತೆ ಮಾಡುವ ಶಕ್ತಿ ಇಲ್ಲಿಂದಲೇ ಹುಟ್ಟುತ್ತದೆ.

ಈ ಬದಲಾವಣೆಯ ತೂಕ ತಿಳಿಯಬೇಕಾದರೆ ಅದಕ್ಕೂ ಮೊದಲಿನ ಸ್ಥಿತಿಯನ್ನು ಗಮನಿಸಬೇಕು. ಮಿತ್ಸುತೆರು ಯೊಕೊಯಾಮಾ ಅವರು 1956ರಲ್ಲಿ ಆರಂಭಿಸಿದ ‘ತೆತ್ಸುಜಿನ್ 28’ ಎಂಬ ಚಿತ್ರಕಥೆಯಲ್ಲಿ, ಎರಡನೆಯ ಮಹಾಯುದ್ಧಕ್ಕೆಂದು ಗುಟ್ಟಾಗಿ ರೂಪಿಸಿದ ಉಕ್ಕಿನ ದೈತ್ಯವೊಂದು ಯುದ್ಧ ಮುಗಿದ ಮೇಲೆ ಒಬ್ಬ ಬಾಲಕನ ರಿಮೋಟ್ ಕಂಟ್ರೋಲ್‌ಗೆ ವಶವಾಗುತ್ತದೆ. ಗೋ ನಗಾಯ್ ಅವರ 1972ರ ‘ಮಝಿಂಗರ್ ಝಡ್’ ಆ ಬಾಲಕನನ್ನು ಯಂತ್ರದ ತಲೆಯೊಳಗೇ ಕೂರಿಸಿತು. ಅಲ್ಲಿಂದ ಮುಂದೆ ಈ ಪ್ರಕಾರಕ್ಕೆ ಒಂದು ಸಿದ್ಧ ಅಚ್ಚು ಏರ್ಪಟ್ಟಿತು: ವಾರಕ್ಕೊಂದು ರಾಕ್ಷಸ ಬರುತ್ತದೆ, ವೀರನು ತನ್ನ ರೋಬೋಟ್ ಏರಿ ವಿಶೇಷ ಅಸ್ತ್ರದ ಹೆಸರನ್ನು ಕೂಗಿ ಅದನ್ನು ಸಂಹರಿಸುತ್ತಾನೆ. ಈ ಅಚ್ಚಿನ ಹಿಂದೆ ಕಥೆಗಾರರ ಕಲ್ಪನೆಯಷ್ಟೇ ಬಲವಾಗಿ ಆಟಿಕೆ ಕಂಪನಿಗಳ ಲೆಕ್ಕಾಚಾರವೂ ಇತ್ತು. ಪ್ರಸಾರದ ಖರ್ಚನ್ನು ಭರಿಸುವ ಪ್ರಾಯೋಜಕರು ಆಟಿಕೆ ಮಾರುವವರೇ ಆಗಿದ್ದುದರಿಂದ, ರೋಬೋಟ್ ಎಷ್ಟು ತುಂಡಾಗಿ ಬಿಚ್ಚಿಕೊಳ್ಳಬೇಕು, ಯಾವ ಬಣ್ಣದಲ್ಲಿರಬೇಕು, ಪ್ರತಿ ಕಂತಿನಲ್ಲಿ ಎಷ್ಟು ಹೊತ್ತು ತೆರೆಯ ಮೇಲಿರಬೇಕು ಎಂಬುದರಲ್ಲೆಲ್ಲ ಅವರ ಮಾತು ನಡೆಯುತ್ತಿತ್ತು.

1941ರಲ್ಲಿ ಒದವಾರಾ ಪಟ್ಟಣದಲ್ಲಿ ಹುಟ್ಟಿದ ತೊಮಿನೊ ಈ ವ್ಯವಸ್ಥೆಯನ್ನು ಒಳಗಿನಿಂದಲೇ ಬಲ್ಲವರು. ಒಸಾಮು ತೆಝುಕಾ ಅವರ ಮುಶಿ ಪ್ರೊಡಕ್ಷನ್ ಸಂಸ್ಥೆಗೆ 1964ರಲ್ಲಿ ಸೇರಿ, ‘ಆಸ್ಟ್ರೋ ಬಾಯ್’ ಸರಣಿಯ ಕಂತುಗಳಲ್ಲಿ ಪಳಗಿ, ಆಮೇಲೆ ಹತ್ತಾರು ಸರಣಿಗಳಿಗೆ ದುಡಿದವರು ಅವರು. 1977ರ ‘ಝಂಬೊಟ್ 3’ ಸರಣಿಯಲ್ಲಿ, ಊರನ್ನು ಕಾಯುವ ರೋಬೋಟ್ ಕುಟುಂಬವನ್ನೇ ಊರಿನ ಜನ ದ್ವೇಷಿಸುವಂತೆಯೂ, ಸೆರೆಸಿಕ್ಕ ಸಾಮಾನ್ಯ ಜನರ ದೇಹಗಳಲ್ಲಿ ಶತ್ರುಗಳು ಬಾಂಬು ಹುದುಗಿಸುವಂತೆಯೂ ಕಥೆ ಹೆಣೆದು, ಮಕ್ಕಳ ಕಾರ್ಯಕ್ರಮದ ಎಲ್ಲೆಗಳನ್ನು ಅವರು ಆಗಲೇ ಅಲುಗಾಡಿಸಿದ್ದರು. ನಿಪ್ಪೊನ್ ಸನ್‌ರೈಸ್ ಸ್ಟುಡಿಯೋದಲ್ಲಿ ಮುಂದಿನ ಯೋಜನೆ ರೂಪುಗೊಂಡಾಗ ಅದರ ಮೊದಲ ಬೀಜ ಜೂಲ್ಸ್ ವರ್ನ್ ಬರೆದ, ನಿರ್ಜನ ದ್ವೀಪದಲ್ಲಿ ಹಿರಿಯರಿಲ್ಲದೆ ಬದುಕುವ ಹುಡುಗರ ಕಾದಂಬರಿಯಾಗಿತ್ತು. ಅದಕ್ಕೆ ರಾಬರ್ಟ್ ಹೈನ್‌ಲೈನ್ ಅವರ 1959ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ಕಾದಂಬರಿಯ ಸೈನಿಕರು ತೊಡುವ ಯಾಂತ್ರಿಕ ಕವಚದ ಕಲ್ಪನೆ ಬಂದು ಸೇರಿತು. ತೊಡುವ ಕವಚವನ್ನು ಪ್ರಾಯೋಜಕರ ಅಪೇಕ್ಷೆಗೆ ತಕ್ಕಂತೆ ಏರುವ ದೈತ್ಯವನ್ನಾಗಿ ಹಿಗ್ಗಿಸಿದಾಗ ‘ಮೊಬೈಲ್ ಸೂಟ್’ ಹುಟ್ಟಿತು. ಕುನಿಯೊ ಓಕಾವಾರಾ ಯಂತ್ರಗಳನ್ನೂ ಯೋಶಿಕಾಜು ಯಾಸುಹಿಕೊ ಪಾತ್ರಗಳನ್ನೂ ರೂಪಿಸಿದರು.

ಕಥೆಯ ಭೂಮಿಕೆಯಾಗಿರುವ ಬಾಹ್ಯಾಕಾಶ ವಸಾಹತುಗಳು ಆ ಕಾಲದ ವಿಜ್ಞಾನದ ಚರ್ಚೆಯಿಂದ ನೇರವಾಗಿ ಬಂದವು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಜೆರಾರ್ಡ್ ಓನೀಲ್ 1974ರಿಂದ ಪ್ರತಿಪಾದಿಸುತ್ತಿದ್ದ ಯೋಜನೆಯಂತೆ, ಸುಮಾರು 32 ಕಿಲೋಮೀಟರ್ ಉದ್ದದ ಬೃಹತ್ ಕೊಳವೆಗಳನ್ನು ಅಂತರಿಕ್ಷದಲ್ಲಿ ಕಟ್ಟಿ, ಅವುಗಳನ್ನು ತಮ್ಮ ಅಕ್ಷದ ಸುತ್ತ ತಿರುಗಿಸಿದರೆ ಒಳಗೋಡೆಯ ಮೇಲೆ ನಿಂತವರಿಗೆ ಗುರುತ್ವದ ಅನುಭವವಾಗುತ್ತದೆ. ಅಲ್ಲಿ ಮಣ್ಣು, ನೀರು, ಊರುಗಳೆಲ್ಲವನ್ನೂ ಹೂಡಬಹುದು. ಗಂಡಮ್‌ನ ಲೋಕದಲ್ಲಿ ಭೂಮಿಗೆ ಹೊರೆಯೆನಿಸಿದ ಜನಸಂಖ್ಯೆಯನ್ನು ಅರ್ಧ ಶತಮಾನದಿಂದ ಇಂಥ ಕೊಳವೆಗಳಿಗೆ ಸಾಗಿಸಲಾಗಿದೆ, ಅವುಗಳ ಒಂದೊಂದು ಗುಂಪಿಗೂ ‘ಸೈಡ್’ ಎಂಬ ಹೆಸರಿದೆ, ಆಡಳಿತವೆಲ್ಲ ಭೂಮಿಯ ಒಕ್ಕೂಟ ಸರ್ಕಾರದ ಕೈಯಲ್ಲೇ ಉಳಿದಿದೆ. ಅಲ್ಲಿ ಹುಟ್ಟಿ ಅಲ್ಲೇ ಮಣ್ಣಾಗುವ ಜನರಿಗೆ ಈ ಆಡಳಿತ ದೂರದ ಯಜಮಾನಿಕೆಯಂತೆ ಕಾಣುವುದು ಸಹಜವೇ. ಭೂಮಿಯಿಂದ ಅತಿ ದೂರದ ಸೈಡ್ 3 ತನ್ನನ್ನು ಜಿಯಾನ್ ಸಂಸ್ಥಾನವೆಂದು ಕರೆದುಕೊಂಡು ಸ್ವಾತಂತ್ರ್ಯಕ್ಕಾಗಿ ಯುದ್ಧ ಸಾರುತ್ತದೆ, ಒಂದು ತಿಂಗಳೊಳಗೆ ಮನುಕುಲದ ಅರ್ಧ ಭಾಗ ನಾಶವಾಗುತ್ತದೆ, ಎರಡೂ ಪಕ್ಷಗಳು ತಾವೇ ಮಾಡಿದ್ದಕ್ಕೆ ಬೆಚ್ಚಿ ಯುದ್ಧ ಸ್ಥಗಿತವಾಗಿ ಎಂಟು ತಿಂಗಳು ಕಳೆಯುತ್ತವೆ. ಇಷ್ಟೆಲ್ಲವನ್ನೂ ಮೊದಲ ಕಂತಿನ ಆರಂಭದ ನಿರೂಪಣೆ ಕೆಲವೇ ವಾಕ್ಯಗಳಲ್ಲಿ ಹೇಳಿ ಮುಗಿಸುತ್ತದೆ. ಮಹಾಪಾತಕ ನಡೆದುಹೋದ ಮೇಲೆ ಕಥೆಯನ್ನು ತೊಡಗಿಸುವ ಈ ಕ್ರಮ ಗಮನಾರ್ಹವಾದುದು, ಏಕೆಂದರೆ ಮುಂದೆ ಯಾವ ವೀರನು ಎಷ್ಟೇ ಗೆದ್ದರೂ ಹೋದ ಅರ್ಧ ಜಗತ್ತು ಮರಳುವುದಿಲ್ಲವೆಂಬುದು ಪ್ರೇಕ್ಷಕನಿಗೆ ಆರಂಭದಲ್ಲೇ ಗೊತ್ತಾಗಿರುತ್ತದೆ.

ಕಣ್ಣಿಗೆ ಕಾಣದಷ್ಟು ದೂರದಿಂದ ಕ್ಷಿಪಣಿ ಹಾರಿಸಬಲ್ಲ ಯುಗದಲ್ಲಿ ಮನುಷ್ಯಾಕಾರದ ಯಂತ್ರಗಳು ಎದುರುಬದುರು ನಿಂತು ಹೋರಾಡುವುದೇಕೆ ಎಂಬ ತೊಡಕಿಗೆ ಸರಣಿ ಕಂಡುಕೊಂಡ ಪರಿಹಾರವೇ ‘ಮಿನೊವ್ಸ್ಕಿ ಕಣ’. ಇದು ಕಾಲ್ಪನಿಕ ವಸ್ತು. ಇದನ್ನು ರಣರಂಗದಲ್ಲಿ ದಟ್ಟವಾಗಿ ಹರಡಿದರೆ ರೇಡಾರ್ ಕುರುಡಾಗುತ್ತದೆ, ರೇಡಿಯೋ ಸಂಪರ್ಕ ಕಡಿಯುತ್ತದೆ, ದೂರದಿಂದ ಗುರಿ ಹಿಡಿಯುವ ಅಸ್ತ್ರಗಳೆಲ್ಲ ನಿಷ್ಪ್ರಯೋಜಕವಾಗುತ್ತವೆ. ಆಗ ಉಳಿಯುವುದು ಕಣ್ಣಳತೆಯ ಕಾದಾಟವೊಂದೇ. ಆ ಕಾದಾಟಕ್ಕೆಂದು ಜಿಯಾನ್ ಪಡೆ ‘ಝಾಕು’ ಎಂಬ ಒಂಟಿಕಣ್ಣಿನ ಹಸಿರು ಯಂತ್ರಗಳನ್ನು ಸಾಲುಸಾಲಾಗಿ ತಯಾರಿಸಿದೆ, ಒಕ್ಕೂಟವು ತಡವಾಗಿ ಎಚ್ಚೆತ್ತು ‘ಗಂಡಮ್’ ಎಂಬ ಪ್ರಾಯೋಗಿಕ ಮಾದರಿಯನ್ನು ರೂಪಿಸಿದೆ. ವೈಜ್ಞಾನಿಕ ನೆಪವಾಗಿ ಬಂದ ಈ ಕಣವು ಕಥೆಯ ನೈತಿಕ ತಳಹದಿಯೂ ಆಗಿಬಿಟ್ಟದ್ದು ಈ ಸರಣಿಯ ದೊಡ್ಡ ಸಾಧನೆ. ದೂರವು ಇಲ್ಲವಾದಾಗ, ಗುಂಡಿ ಒತ್ತಿ ಪರದೆಯ ಮೇಲಿನ ಚುಕ್ಕೆಯೊಂದನ್ನು ಅಳಿಸುವ ಸೌಲಭ್ಯವೂ ಇಲ್ಲವಾಗುತ್ತದೆ; ಕೊಲ್ಲುವವನು ಕೊಲ್ಲಲ್ಪಡುವವನ ಹತ್ತಿರ ಹೋಗಲೇಬೇಕಾಗುತ್ತದೆ.

ಮೊದಲ ಕಂತಿನ ಕಾಳಗವನ್ನು ಈ ದೃಷ್ಟಿಯಿಂದ ಸಾವಧಾನವಾಗಿ ನೋಡುವುದು ಲೇಸು. ಸೈಡ್ 7ರ ಹೊಸ ವಸಾಹತಿನೊಳಕ್ಕೆ ಬೇಹಿಗೆಂದು ನುಸುಳಿದ ಝಾಕುಗಳಲ್ಲಿ ಒಂದರ ಸೈನಿಕ, ಮೇಲಧಿಕಾರಿಯ ಆಜ್ಞೆಯನ್ನು ಮೀರಿ, ಬಡ್ತಿಯ ಆಸೆಯಿಂದ ದಾಳಿ ಆರಂಭಿಸುತ್ತಾನೆ. ಹದಿನೈದು ವರ್ಷದ ಅಮುರೊ ರೇ ಯಂತ್ರಗಳ ಗೀಳಿನ, ಊಟ ಬಟ್ಟೆಗಳ ಕಡೆಗೂ ಗಮನವಿಲ್ಲದ ಹುಡುಗ; ಅವನ ತಂದೆ ಟೆಮ್ ರೇ ಗಂಡಮ್ ಯೋಜನೆಯ ಎಂಜಿನಿಯರ್. ಜನರನ್ನು ಪಾರುಮಾಡುವುದಕ್ಕಿಂತ ಯಂತ್ರವನ್ನು ಹಡಗಿಗೆ ಸಾಗಿಸುವುದೇ ಮುಖ್ಯವೆಂಬಂತೆ ತಂದೆ ನಡೆದುಕೊಳ್ಳುವುದನ್ನು ಮಗ ಕಣ್ಣಾರೆ ಕಾಣುತ್ತಾನೆ, ನೆರೆಮನೆಯ ಗೆಳತಿ ಫ್ರಾ ಬೋಳ ತಾಯಿ ಮತ್ತು ಅಜ್ಜ ಸ್ಫೋಟಕ್ಕೆ ಸಿಕ್ಕಿ ಸತ್ತದ್ದನ್ನೂ ಕಾಣುತ್ತಾನೆ, ಟ್ರೇಲರ್ ಮೇಲೆ ಮಲಗಿಸಿದ್ದ ಗಂಡಮ್‌ನೊಳಕ್ಕೆ ಇಳಿದು ಕೈಪಿಡಿಯ ಪುಟ ತಿರುವುತ್ತಲೇ ಅದನ್ನು ಎಬ್ಬಿಸಿ ನಿಲ್ಲಿಸುತ್ತಾನೆ. ಬೆಳಕಿನ ಕತ್ತಿಯಿಂದ ಮೊದಲ ಝಾಕುವನ್ನು ಸೀಳಿದಾಗ ಅದರ ಹೊಟ್ಟೆಯಲ್ಲಿರುವ ರಿಯಾಕ್ಟರ್ ಸಿಡಿದು ವಸಾಹತಿನ ಗೋಡೆಯೇ ತೂತಾಗುತ್ತದೆ. ಹೊರಕ್ಕೆ ನುಗ್ಗುವ ಗಾಳಿಯ ಜೊತೆಗೆ ಅವನ ತಂದೆಯೂ ಶೂನ್ಯಕ್ಕೆ ಸೆಳೆದುಹೋಗುತ್ತಾನೆ, ಮಗನಿಗೆ ಅದು ತಿಳಿಯುವುದೂ ಇಲ್ಲ. ಎರಡನೆಯ ಝಾಕು ಎದುರಾದಾಗ ಅಮುರೊ ತಾನು ಕಂಡದ್ದರಿಂದ ಪಾಠ ಕಲಿತಿರುತ್ತಾನೆ: ಯಂತ್ರ ಸಿಡಿಯಬಾರದೆಂದರೆ ಅದನ್ನು ನಡೆಸುವವನನ್ನಷ್ಟೇ ಇಲ್ಲವಾಗಿಸಬೇಕು. ಅವನು ಕತ್ತಿಯನ್ನು ಚಾಲಕನ ಕೋಣೆಗೇ ಗುರಿಯಿಟ್ಟು ಚುಚ್ಚುತ್ತಾನೆ. ಊರನ್ನು ಉಳಿಸುವ ವಿವೇಕ ಮತ್ತು ಮನುಷ್ಯನೊಬ್ಬನನ್ನು ತಿಳಿದೂ ತಿಳಿದೂ ಕೊಲ್ಲುವ ಕ್ರಿಯೆ ಒಂದೇ ಚಲನೆಯಲ್ಲಿ ಸೇರಿಕೊಳ್ಳುವ ಈ ಗಳಿಗೆ, ಆಟಿಕೆಯ ಜಾಹೀರಾತಾಗಬೇಕಿದ್ದ ಮೊದಲ ಕಂತಿನಲ್ಲೇ, ಯಾವ ವ್ಯಾಖ್ಯಾನವೂ ಇಲ್ಲದೆ ಬಂದುಹೋಗುತ್ತದೆ. ಸರಣಿಯಲ್ಲಿ ಮುಂದೆ ಬರುವುದೆಲ್ಲವೂ ಈ ಒಂದು ತಿವಿತದ ವಿಸ್ತರಣೆಯೆಂದರೆ ತಪ್ಪಾಗದು.

ಆ ವಿಸ್ತರಣೆ ನಡೆಯುವುದು ‘ವೈಟ್ ಬೇಸ್’ ಎಂಬ ಯುದ್ಧನೌಕೆಯಲ್ಲಿ. ಹಿರಿಯ ಅಧಿಕಾರಿಗಳು ಸತ್ತುಹೋದ ಅಥವಾ ಗಾಯಗೊಂಡ ಆ ಹಡಗನ್ನು ಹತ್ತೊಂಬತ್ತರ ಬ್ರೈಟ್ ನೋವಾ ನಡೆಸಬೇಕಾಗುತ್ತದೆ, ನಿರಾಶ್ರಿತರ ಮಕ್ಕಳೇ ಫಿರಂಗಿಗಳ ಮುಂದೆ ಕೂರಬೇಕಾಗುತ್ತದೆ. ಇಲ್ಲಿ ನಿದ್ದೆಯ ಕೊರತೆಯೂ ಬಿಡಿಭಾಗಗಳ ಕೊರತೆಯೂ ಶತ್ರುವಿನಷ್ಟೇ ಗಂಭೀರ ವಿಷಯಗಳು. ಒಂದು ಕಂತಿನಲ್ಲಿ ಅಡುಗೆಯವನು ಉಪ್ಪು ಮುಗಿದುಹೋಗಿದೆಯೆಂದು ದೂರಿದ ಕಾರಣ ಹಡಗು ಉಪ್ಪಿನ ಸರೋವರವನ್ನು ಹುಡುಕಿಕೊಂಡು ಹೊರಡುತ್ತದೆ. ಮತ್ತೊಂದರಲ್ಲಿ, ಯುದ್ಧಕ್ಕಿಳಿಯಲೊಲ್ಲದೆ ಕುಳಿತ ಅಮುರೊನ ಕೆನ್ನೆಗೆ ಬ್ರೈಟ್ ಹೊಡೆದಾಗ, ತನ್ನ ತಂದೆಯೂ ತನ್ನ ಮೇಲೆ ಕೈ ಮಾಡಿರಲಿಲ್ಲವೆಂದು ಹುಡುಗ ಪ್ರತಿಭಟಿಸುತ್ತಾನೆ. ಅದುವರೆಗಿನ ರೋಬೋಟ್ ಕಥೆಗಳ ಉತ್ಸಾಹಿ ವೀರನಿಗೂ ಈ ಮುಂಗೋಪಿ, ಅಂಜುಬುರುಕ, ಅಭಿಮಾನಿ ಹುಡುಗನಿಗೂ ಇರುವ ಅಂತರ ಅಪಾರವಾದುದು. ಹದಿಮೂರನೆಯ ಕಂತಿನಲ್ಲಿ ಅವನು ಭೂಮಿಯಲ್ಲೇ ಉಳಿದಿದ್ದ ತಾಯಿಯನ್ನು ವರ್ಷಗಳ ನಂತರ ಕಾಣುತ್ತಾನೆ. ತಪಾಸಣೆಗೆ ಬಂದ ಜಿಯಾನ್ ಸೈನಿಕನಿಗೆ ಹೊದಿಕೆಯ ಮರೆಯಿಂದಲೇ ಪಿಸ್ತೂಲು ಹಾರಿಸುತ್ತಾನೆ. ಎದುರಿಗಿದ್ದವನು ಶತ್ರುವೆಂಬುದು ತಾಯಿಗೆ ಮುಖ್ಯವಲ್ಲ, ಮಗ ಮನುಷ್ಯನ ಮೇಲೆ ಗುಂಡು ಹಾರಿಸಿದನೆಂಬುದೊಂದೇ ಅವಳನ್ನು ಕಂಗೆಡಿಸುತ್ತದೆ. ಬೀಳ್ಕೊಡುವಾಗ ಮಗ ಅವಳಿಗೆ ಸೈನಿಕನಂತೆ ಸೆಲ್ಯೂಟ್ ಹೊಡೆದು ಹೊರಡುತ್ತಾನೆ. ಯಾರ ಪಕ್ಷವನ್ನೂ ವಹಿಸದೆ ಇಬ್ಬರ ಮಾತಿನಲ್ಲೂ ಇರುವ ಸತ್ಯವನ್ನು ಹಾಗೇ ನಿಲ್ಲಲು ಬಿಡುವ ಈ ಸಂಯಮ ಮಕ್ಕಳ ದೂರದರ್ಶನದಲ್ಲಿ ಅಂದು ಅಪರೂಪವಾಗಿತ್ತು, ಇಂದಿಗೂ ಅಪರೂಪವೇ.

ಶತ್ರುಪಕ್ಷದ ಚಿತ್ರಣದಲ್ಲೂ ಹತ್ತಿರದಿಂದ ನೋಡುವ ಇದೇ ದೃಷ್ಟಿ ಕೆಲಸ ಮಾಡುತ್ತದೆ. ಮರುಭೂಮಿಯ ಊಟದ ಮನೆಯೊಂದರಲ್ಲಿ ಅಮುರೊನನ್ನು ಆಕಸ್ಮಿಕವಾಗಿ ಸಂಧಿಸುವ ಜಿಯಾನ್ ಸೇನಾಧಿಕಾರಿ ರಾಂಬಾ ರಾಲ್, ಹುಡುಗನ ದಿಟ್ಟತನವನ್ನು ಮೆಚ್ಚುತ್ತಾನೆ, ಅವನ ನಿಲುವಂಗಿಯ ಕೆಳಗೆ ಪಿಸ್ತೂಲಿರುವುದನ್ನು ಕಂಡೂ ಹೋಗಗೊಡುತ್ತಾನೆ. ಮುಂದಿನ ಕಾಳಗದಲ್ಲಿ ಇಬ್ಬರ ಯಂತ್ರಗಳ ಎದೆಗವಚವೂ ಸೀಳಿದಾಗ ಅವರು ಪರಸ್ಪರರ ಮುಖ ಕಂಡು ಗುರುತಿಸುತ್ತಾರೆ. ಬೆಲ್‌ಫಾಸ್ಟ್‌ನಲ್ಲಿ ತಮ್ಮ ತಂಗಿಯರ ಹೊಟ್ಟೆ ಹೊರೆಯಲು ಜಿಯಾನ್ ಪರ ಗೂಢಚರ್ಯೆಗಿಳಿದ ಮಿಹಾರು ಎಂಬ ಹುಡುಗಿಯ ಕಥೆ ಕೆಲವೇ ಕಂತುಗಳದ್ದಾದರೂ, ಯುದ್ಧವು ಬಡವರ ಮನೆಯ ಬಾಗಿಲಿಗೆ ಯಾವ ರೂಪದಲ್ಲಿ ಬರುತ್ತದೆಂಬುದನ್ನು ಯಾವ ಮಹಾಸಮರದ ದೃಶ್ಯಕ್ಕಿಂತಲೂ ನಿಚ್ಚಳವಾಗಿ ತೋರಿಸುತ್ತದೆ. ಹಾಗೆಂದು ಸರಣಿಯು ಜಿಯಾನ್ ಆಳ್ವಿಕೆಯನ್ನು ಕ್ಷಮಿಸುವುದಿಲ್ಲ. ಸ್ವಾತಂತ್ರ್ಯದ ನ್ಯಾಯವಾದ ಬೇಡಿಕೆಯನ್ನು ಅಲ್ಲಿ ಆಳುವ ಝಾಬಿ ಮನೆತನ ತನ್ನ ಅಧಿಕಾರದಾಹಕ್ಕೆ ಬಳಸಿಕೊಂಡ ಬಗೆಯನ್ನೂ, ತಮ್ಮನ ಸಾವನ್ನು ಗಿರೆನ್ ಝಾಬಿ ತನ್ನ ಸಾರ್ವಜನಿಕ ಭಾಷಣದ ಬಂಡವಾಳವಾಗಿಸಿಕೊಂಡ ಬಗೆಯನ್ನೂ ಅದು ವಿವರವಾಗಿ ತೋರಿಸಿ, ಅವನ ತಂದೆಯ ಬಾಯಲ್ಲೇ ಹಿಟ್ಲರನ ಹೋಲಿಕೆಯನ್ನು ಆಡಿಸುತ್ತದೆ. ಆದರೂ ಜಿಯಾನ್ ಸಮವಸ್ತ್ರಗಳ ಠೀವಿಗೂ, ‘ಕೆಂಪು ಧೂಮಕೇತು’ ಎಂದು ಖ್ಯಾತನಾದ ಮುಖವಾಡಧಾರಿ ಶಾರ್ ಅಜ್ನಾಬಲ್‌ನ ವರ್ಚಸ್ಸಿಗೂ ಮರುಳಾದ ಅಭಿಮಾನಿಗಳು ಆ ಸಂಸ್ಥಾನದ ಜಯಘೋಷವನ್ನು ಸಲೀಸಾಗಿ ಕೂಗುತ್ತ ಬಂದಿದ್ದಾರೆ. ಫ್ಯಾಸಿಸಂನ ಸೊಬಗನ್ನು ಚಿತ್ರಿಸುತ್ತಲೇ ಅದನ್ನು ಖಂಡಿಸುವ ಕಲೆಯು ಎದುರಿಸಲೇಬೇಕಾದ ಅಪಾಯವಿದು; ಗಂಡಮ್ ಅದರಿಂದ ಪೂರ್ತಿಯಾಗಿ ಪಾರಾಗಿಲ್ಲವೆಂದು ಒಪ್ಪಬೇಕಾಗುತ್ತದೆ.

ಭಾರತೀಯ ವೀಕ್ಷಕರು ವಿಶೇಷ ಗಮನವಿಟ್ಟು ನೋಡಬೇಕಾದ ಪಾತ್ರವೊಂದು ಸರಣಿಯ ಕೊನೆಯ ಭಾಗದಲ್ಲಿ ಬರುತ್ತದೆ. ಕಂದು ಮೈಬಣ್ಣದ, ಹಣೆಯಲ್ಲಿ ಬೊಟ್ಟಿಟ್ಟ, ಭಾರತೀಯ ಮೂಲವನ್ನು ಸೂಚಿಸುವಂತೆ ಚಿತ್ರಿತಳಾದ ಲಾಲಾ ಸೂನ್, ಶಾರ್‌ನ ಆಶ್ರಯದಲ್ಲಿರುವ ತರುಣಿ. ಅವಳೂ ಅಮುರೊನೂ ‘ನ್ಯೂಟೈಪ್’ಗಳು. ಅಂತರಿಕ್ಷದ ಬದುಕಿಗೆ ಒಗ್ಗಿದ ಮನುಷ್ಯನ ಅರಿವು ಹಿಗ್ಗಿ, ದೂರ ಮತ್ತು ಮಾತಿನ ಹಂಗಿಲ್ಲದೆ ಇನ್ನೊಬ್ಬರ ಅಂತರಂಗವನ್ನು ತಿಳಿಯಬಲ್ಲ ಹೊಸ ತಲೆಮಾರು ಹುಟ್ಟುತ್ತದೆಂಬುದು ಜಿಯಾನ್ ಸಂಸ್ಥಾಪಕನ ತತ್ತ್ವವಾಗಿತ್ತು; ಆ ತತ್ತ್ವದ ಮಕ್ಕಳನ್ನು ಎರಡೂ ಸೇನೆಗಳು ಮಾಡಿಕೊಂಡದ್ದು ಹೆಚ್ಚು ಚುರುಕಾಗಿ ಗುರಿ ಹಿಡಿಯುವ ಸೈನಿಕರನ್ನಾಗಿ. ಕಾಳಗದ ನಡುವೆಯೇ ಲಾಲಾ ಮತ್ತು ಅಮುರೊ ಒಬ್ಬರನ್ನೊಬ್ಬರು ಸಂಪೂರ್ಣವಾಗಿ ಅರಿಯುತ್ತಾರೆ. ಆ ಅರಿವು ಅರಳಿದ ಸ್ವಲ್ಪ ಹೊತ್ತಿಗೇ, ಶಾರ್‌ನ ಮೇಲೆ ಎರಗಿದ ಗಂಡಮ್‌ನ ಕತ್ತಿಗೆ ಅವಳು ಅಡ್ಡಬಂದು ಸಾಯುತ್ತಾಳೆ. ಮೊದಲ ಕಂತಿನಲ್ಲಿ ಮುಖ ಕಾಣದ ಚಾಲಕನನ್ನು ಚುಚ್ಚಿದ ಕೈಯೇ ಇಲ್ಲಿ, ತನ್ನನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿದ ಜೀವವನ್ನು ಕೊಲ್ಲುತ್ತದೆ. ಕಥನದ ತರ್ಕದಲ್ಲಿ ಇದಕ್ಕಿಂತ ಕಠೋರವಾದ ಕೊನೆ ಇನ್ನೊಂದಿರಲಾರದು. ಆದರೆ ಲಾಲಾಳಿಗೆ ತನ್ನದೇ ಆದ ಊರು, ಮನೆ, ಹಿಂದಿನ ಬಾಳು ಯಾವುದೂ ಇಲ್ಲ. ಅವಳು ಇಬ್ಬರು ಗಂಡಸರ ಅಳಲಿಗೆ ಕಾರಣಳಾಗಿ, ಪೂರ್ವದೇಶದ ನಿಗೂಢ ಜ್ಞಾನದ ಸಂಕೇತವಾಗಿ ಬಂದು ಹೋಗುತ್ತಾಳೆ. ಮಿಹಾರುವಿನ ಗುಡಿಸಲಿಗೆ, ಉಪ್ಪಿನ ಡಬ್ಬಿಗೆ ಸಿಕ್ಕಷ್ಟು ವಿವರದ ಅಕ್ಕರೆ ಈ ಪಾತ್ರಕ್ಕೆ ಸಿಗದೆಹೋದದ್ದು ಸರಣಿಯ ನಿಜವಾದ ಕೊರತೆ.

ಪ್ರಸಾರದ ಕಾಲದಲ್ಲಿ ಈ ಯಾವ ಗುಣವೂ ಸರಣಿಯನ್ನು ಕಾಯಲಿಲ್ಲ. ವೀಕ್ಷಕರ ಸಂಖ್ಯೆ ಕಡಿಮೆಯಿತ್ತು, ಪ್ರಾಯೋಜಕ ಸಂಸ್ಥೆ ಕ್ಲೋವರ್‌ನ ಆಟಿಕೆಗಳು ನಿರೀಕ್ಷೆಯಂತೆ ಮಾರಲಿಲ್ಲ, ಮಾರಾಟ ಹೆಚ್ಚಿಸಲೆಂದು ‘ಜಿ-ಆರ್ಮರ್’ ಎಂಬ ಜೋಡಣೆಯ ಯಂತ್ರವನ್ನು ಕಥೆಯೊಳಕ್ಕೆ ತುರುಕಲಾಯಿತು, ಪಾತ್ರಗಳ ಚಿತ್ರಣದ ಹೊಣೆ ಹೊತ್ತ ಯಾಸುಹಿಕೊ ದುಡಿಮೆಯ ಭಾರದಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದರು. 52 ಕಂತುಗಳಿಗೆಂದು ಯೋಜಿಸಿದ್ದ ಕಥೆಯನ್ನು 43ಕ್ಕೆ ಮೊಟಕುಗೊಳಿಸಿ 1980ರ ಜನವರಿ 26ರಂದು ಮುಗಿಸಬೇಕಾಯಿತು. ಸರಣಿಯನ್ನು ಬದುಕಿಸಿದ್ದು ಅದೇ ವರ್ಷದ ಜುಲೈನಲ್ಲಿ ಬಂಡಾಯ್ ಸಂಸ್ಥೆ ಹೊರತಂದ, 300 ಯೆನ್ ಬೆಲೆಯ, 144ನೇ ಒಂದರ ಅಳತೆಯ ಪ್ಲಾಸ್ಟಿಕ್ ಮಾದರಿ. ಕಾರಿನ, ಯುದ್ಧವಿಮಾನದ ಮಾದರಿಗಳಂತೆ ಬಿಡಿಭಾಗಗಳನ್ನು ಕತ್ತರಿಸಿ ಅಂಟಿಸಿ ಬಣ್ಣ ಬಳಿಯಬೇಕಾದ ಈ ಸಾಮಗ್ರಿ, ಗಂಡಮನ್ನು ವೀರನ ಸಂಗಾತಿಯೆಂದು ನೋಡದೆ ಸೇನೆಯ ಉಪಕರಣವೆಂದು ನೋಡಿದ ಸರಣಿಯ ದೃಷ್ಟಿಗೆ ಸರಿಯಾಗಿ ಹೊಂದಿಕೊಂಡಿತು. ಎಳೆಯ ಮಕ್ಕಳಿಗಿಂತ ಹೈಸ್ಕೂಲು, ಕಾಲೇಜಿನವರೇ ಸರಣಿಯ ನಿಜವಾದ ಪ್ರೇಕ್ಷಕರೆಂಬುದೂ ಬಯಲಾಯಿತು. 1981ರ ಫೆಬ್ರುವರಿ 22ರಂದು ಟೋಕಿಯೋದ ಶಿಂಜುಕುವಿನಲ್ಲಿ ಸಾವಿರಾರು ತರುಣರು ನೆರೆದು ಅನಿಮೆಯ ‘ಹೊಸ ಶತಮಾನ’ದ ಘೋಷಣೆ ಮಾಡಿದಾಗ, ತಮ್ಮ ಮೆಚ್ಚಿನ ಪ್ರಕಾರವನ್ನು ಹಿರಿಯರು ಗಂಭೀರವಾಗಿ ಪರಿಗಣಿಸಬೇಕೆಂಬ ಹಕ್ಕೊತ್ತಾಯ ಅದರಲ್ಲಿತ್ತು. ಮುಂದಿನ ತಿಂಗಳು ಮೊದಲ ಸಂಕಲಿತ ಚಲನಚಿತ್ರ ತೆರೆ ಕಂಡಿತು, 1982ರ ಮಾರ್ಚ್ ವೇಳೆಗೆ ಮೂರೂ ಚಿತ್ರಗಳು ಬಂದು ಗಂಡಮ್ ಮನೆಮಾತಾಯಿತು. ಅಂದಿನಿಂದ ಇಂದಿನವರೆಗೆ, 2025ರ ಹೊಸ ಸರಣಿಯವರೆಗೂ, ಅದರ ಹೆಸರಿನ ಕೃತಿಗಳು ನಿಂತಿಲ್ಲ. ಯುದ್ಧದ ಯಂತ್ರವನ್ನು ಆರಾಧಿಸಬೇಡಿರೆಂದ ಕಥೆಯನ್ನು ಯಂತ್ರದ ಮೇಲಿನ ಅಕ್ಕರೆಯೇ ಉಳಿಸಿಕೊಂಡು ಬಂದಿದೆ. ಈ ವಿರೋಧಾಭಾಸವನ್ನು ಬಿಡಿಸಲು ಹೋಗುವುದಕ್ಕಿಂತ, ಸರಣಿಯು ತನ್ನೊಳಗೇ ಹೊತ್ತ ಒತ್ತಡದ ಮುಂದುವರಿಕೆ ಇದೆಂದು ಗ್ರಹಿಸುವುದು ಹೆಚ್ಚು ಸಮಂಜಸ.

ಹೊಸದಾಗಿ ನೋಡಬಯಸುವವರಿಗೆ ಸಾಮಾನ್ಯವಾಗಿ ಮೂರು ಚಲನಚಿತ್ರಗಳನ್ನೇ ಸೂಚಿಸಲಾಗುತ್ತದೆ. ಮೂರನೆಯ ಚಿತ್ರಕ್ಕೆ, ಚೇತರಿಸಿಕೊಂಡ ಯಾಸುಹಿಕೊ ಹೊಸದಾಗಿ ಬರೆದ ದೃಶ್ಯಗಳ ಚೆಲುವಿದೆ, ಪ್ರಾಯೋಜಕರ ಒತ್ತಾಯದಿಂದ ಸೇರಿದ್ದ ಜಿ-ಆರ್ಮರ್ ಚಿತ್ರಗಳಲ್ಲಿ ಇಲ್ಲ, ಕಥೆಯ ಓಟವೂ ಬಿಗಿಯಾಗಿದೆ. ಆದರೂ ಚಿತ್ರರೇಖೆಗಳ ಒರಟುತನವನ್ನು ಸಹಿಸಿಕೊಂಡು 43 ಕಂತುಗಳನ್ನೂ ನೋಡುವುದೇ ಸರಿಯಾದ ದಾರಿ, ಏಕೆಂದರೆ ಚಿತ್ರಗಳು ಯುದ್ಧದ ಗತಿಯನ್ನು ಹಿಡಿದು ಸಾಗುವ ಅವಸರದಲ್ಲಿ ಕೈಬಿಟ್ಟದ್ದರಲ್ಲಿ ಸರಣಿಯ ಒಳ್ಳೆಯ ಭಾಗಗಳೂ ಸೇರಿವೆ. ಹದಿನೈದನೆಯ ಕಂತನ್ನೇ ನೋಡಬಹುದು. ಜಿಯಾನ್ ಪಡೆಯನ್ನು ತೊರೆದ ಕುಕುರುಸ್ ದೋವನ್, ಯುದ್ಧದಲ್ಲಿ ಅನಾಥರಾದ ಮಕ್ಕಳನ್ನು ಒಂದು ದ್ವೀಪದಲ್ಲಿ ಸಾಕುತ್ತ, ಮದ್ದುಗುಂಡಿಲ್ಲದ ತನ್ನ ಝಾಕುವಿನಿಂದ ಕಲ್ಲೆಸೆದು ಬೆನ್ನಟ್ಟಿ ಬಂದವರನ್ನು ಎದುರಿಸುತ್ತಿರುತ್ತಾನೆ. ಅವನಲ್ಲಿ ಉಳಿದಿರುವ ಯುದ್ಧದ ವಾಸನೆಯೇ ಶತ್ರುಗಳನ್ನು ಸೆಳೆಯುತ್ತಿದೆಯೆಂದು ಅರಿತ ಅಮುರೊ, ಕೊನೆಗೆ ಆ ಝಾಕುವನ್ನು ಎತ್ತಿ ಸಮುದ್ರಕ್ಕೆಸೆಯುತ್ತಾನೆ. ಚಿತ್ರಣದ ಗುಣಮಟ್ಟ ತೀರಾ ಕಳಪೆಯೆಂದು ತೊಮಿನೊ ಅವರ ಇಚ್ಛೆಯಂತೆ ಇಂಗ್ಲಿಷ್ ಆವೃತ್ತಿಯಿಂದಲೇ ಹೊರಗುಳಿದಿದ್ದ ಕಂತು ಇದು. ಅದನ್ನೇ ಆರಿಸಿಕೊಂಡು ಯಾಸುಹಿಕೊ ತಮ್ಮ 74ನೆಯ ವಯಸ್ಸಿನಲ್ಲಿ, 2022ರ ಜೂನ್‌ನಲ್ಲಿ, ಪೂರ್ಣಪ್ರಮಾಣದ ಚಲನಚಿತ್ರವಾಗಿ ಮರುನಿರ್ಮಿಸಿದರು. ಯಾವ ಮಹಾಸಮರವನ್ನೂ ಒಳಗೊಳ್ಳದ, ಯುದ್ಧದ ಫಲಿತಾಂಶಕ್ಕೆ ಒಂದಿಷ್ಟೂ ಸಂಬಂಧಿಸದ ಈ ದ್ವೀಪದ ಕಥೆಯನ್ನು ಮೊದಲು ಹಳೆಯ ಕಂತಿನಲ್ಲಿಯೂ ಆಮೇಲೆ ಹೊಸ ಚಿತ್ರದಲ್ಲಿಯೂ ನೋಡಿದವರಿಗೆ, ಯಂತ್ರಗಳ ಚಲನೆ ಮತ್ತು ಬಣ್ಣ ಎಷ್ಟು ಸುಧಾರಿಸಿದೆಯೆಂಬುದು ತಿಳಿಯುತ್ತದೆ. ಸುಧಾರಣೆಯೇ ಬೇಕಿರದಿದ್ದ ಭಾಗ ಯಾವುದೆಂಬುದೂ ಅದರ ಜೊತೆಗೇ ತಿಳಿಯುತ್ತದೆ.